ನೆಲವನ್ನರಿಯಲು ಬಾನಿನ ಪಾಠ

ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳನ್ನು 'ಮುಂದೆ ಏನಾಗುವೆ?' ಎಂದು ಕೇಳುವುದು ಬಂಧುಬಳಗದ ವಾಡಿಕೆ. ಅದಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತದೆ. 'ಏತಕ್ಕಾಗಿ ಓದುತ್ತಿರುವೆ?' ಎಂದು ಕೇಳಿದರೆ ಮಾತ್ರ ಮೌನ ಆವರಿಸುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಲ್ಲಿ ಈ ಮೌನದ ಭಾರ ಹೆಚ್ಚು. ಓದಿದ ಮಕ್ಕಳು ಬೆಂಗಳೂರು ಸೇರುತ್ತಾರೆ. ಅಡಿಕೆ ತೋಟವನ್ನು ನೋಡಿಕೊಂಡು ವಯಸ್ಸಾದ ತಂದೆತಾಯಿಗಳು ಊರಿನಲ್ಲಿ ಉಳಿಯುತ್ತಾರೆ. ಹೋಗುವುದು ತಪ್ಪಲ್ಲ. ಆದರೆ ಹೋಗುವವರಿಗೂ ಉಳಿಯುವವರಿಗೂ ತಮ್ಮ ವಿದ್ಯೆ ಯಾರಿಗೆ ಸಲ್ಲಬೇಕೆಂಬುದು ತಿಳಿಯದೆ ಹೋದರೆ ಆ ವಿದ್ಯೆ ಬರಿಯ ಅಂಕಪಟ್ಟಿಯಾಗಿ ಉಳಿಯುತ್ತದೆ. ಈ ಕೊರತೆಯನ್ನು ತುಂಬಬಲ್ಲ ಗುರುವೊಂದು ನಮ್ಮ ತಲೆಯ ಮೇಲೆಯೇ ಇದೆ. ಅದು ಆಕಾಶ.

ಬಾನಿನ ಮೊದಲ ಪಾಠಕ್ಕೆ ಒಂದು ಕೋಲು ಸಾಕು. ಸಿದ್ದಾಪುರವೂ ಯಲ್ಲಾಪುರವೂ ಹೆಚ್ಚುಕಡಿಮೆ ಒಂದೇ ದಕ್ಷಿಣೋತ್ತರ ರೇಖೆಯಲ್ಲಿವೆ, ನಡುವೆ ಶಿರಸಿ. ಎರಡೂ ಊರುಗಳ ನಡುವಿನ ನೇರ ಅಂತರ ಸುಮಾರು ೭೦ ಕಿಲೋಮೀಟರು. ಒಂದೇ ದಿನದ ಮಧ್ಯಾಹ್ನ, ನೆರಳು ಅತ್ಯಂತ ಗಿಡ್ಡವಾಗುವ ಹೊತ್ತಿಗೆ, ಎರಡೂ ಊರುಗಳ ವಿದ್ಯಾರ್ಥಿಗಳು ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳನ್ನು ಅಳೆಯಲಿ. ವ್ಯತ್ಯಾಸ ಬರುವುದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು; ಕೋನದಲ್ಲಿ ಹೇಳುವುದಾದರೆ ಸುಮಾರು ೦.೬ ಡಿಗ್ರಿ. ಅಷ್ಟು ಕೋನಕ್ಕೆ ೭೦ ಕಿಲೋಮೀಟರಾದರೆ ೩೬೦ ಡಿಗ್ರಿಗೆ ಎಷ್ಟು? ಉತ್ತರ ೪೦,೦೦೦ ಕಿಲೋಮೀಟರಿನ ಆಸುಪಾಸಿಗೆ ಬರುತ್ತದೆ. ಅದೇ ಭೂಮಿಯ ಸುತ್ತಳತೆ. ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ತಪ್ಪಿದರೂ ಲೆಕ್ಕ ಸಾವಿರಾರು ಕಿಲೋಮೀಟರ್ ಜಾರುತ್ತದೆ. ಎಚ್ಚರದಿಂದ ಅಳೆಯಬೇಕು, ಇನ್ನೊಬ್ಬರ ಅಳತೆಯನ್ನು ನಂಬಬೇಕು, ಸಂಶಯ ಬಂದರೆ ಮರಳಿ ಅಳೆಯಬೇಕು. ಈ ಶೀಲವನ್ನು ಕಲಿಸುವ ಪಾಠ ಪುಸ್ತಕದಲ್ಲಿ ದೊರೆಯುವುದು ಅಪರೂಪ.

ಎರಡನೆಯ ಪಾಠ, ಕೂಡಿ ದುಡಿಯುವುದು. ಉಡುಪಿ ಸಮೀಪದ ಅದಮಾರಿನಲ್ಲಿ ೧೯೩೨ರಲ್ಲಿ ಜನಿಸಿದ ಡಾ. ಯು. ಆರ್. ರಾವ್ ಅವರು ಇಂಟರ್‌ಮೀಡಿಯೆಟ್ ಓದಿದ್ದು ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ. ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಸಾಮಾನ್ಯ ಕೈಗಾರಿಕಾ ಷೆಡ್ಡುಗಳಲ್ಲಿ ಸಿದ್ಧವಾದ 'ಆರ್ಯಭಟ' ಉಪಗ್ರಹ ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ರಾಕೆಟ್ಟಿನಲ್ಲಿ ಗಗನವೇರಿತು. ಅದರ ವೈಜ್ಞಾನಿಕ ಪ್ರಯೋಗಗಳು ವಿದ್ಯುತ್ ದೋಷದಿಂದ ಕೆಲವೇ ದಿನಗಳಲ್ಲಿ ನಿಂತುಹೋದವು. ಆ ತಂಡ ಕೈಕಟ್ಟಿ ಕೂರಲಿಲ್ಲ. ೧೯೭೯ರಲ್ಲಿ ಭೂಮಿಯನ್ನು ವೀಕ್ಷಿಸುವ 'ಭಾಸ್ಕರ'ವನ್ನು ಮೇಲಕ್ಕೆ ಕಳುಹಿಸಿತು. ಮುಂದೆ ೨೦೧೦ರ ಜುಲೈ ೧೨ರಂದು ಬೆಂಗಳೂರು ಮತ್ತು ಹೈದರಾಬಾದಿನ ಏಳು ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗ್ರಾಮಿಗೂ ಕಡಿಮೆ ತೂಕದ 'ಸ್ಟಡ್‌ಸ್ಯಾಟ್' ಕಕ್ಷೆ ಸೇರಿತು. ಕಾಲೇಜಿನ ಮಕ್ಕಳಿಗೆ ಇದು ಎಟುಕದ ಕಾಯಕವೇನೂ ಅಲ್ಲ.

ಮೂರನೆಯದು ನಮ್ಮ ನೆಲಕ್ಕೇ ಸಂಬಂಧಿಸಿದ ಪಾಠ. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಯುವಕರೂ ತಾಯಂದಿರೂ ಮರಗಳನ್ನು ಅಪ್ಪಿ ನಿಂತರು. ಅದೇ ಅಪ್ಪಿಕೋ ಚಳವಳಿ. ಸುಮಾರು ನಾಲ್ಕೂವರೆ ವರ್ಷಗಳ ತರುವಾಯ, ೧೯೮೮ರ ಮಾರ್ಚಿನಲ್ಲಿ, ಭಾರತದ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-೧ಎ ಬಾನಿನಿಂದ ಕಾಡನ್ನು ನೋಡತೊಡಗಿತು. ಜೀವಂತ ಎಲೆಗಳು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹೇರಳವಾಗಿ ಪ್ರತಿಫಲಿಸುತ್ತವೆ. ಆದ್ದರಿಂದ ಇಂತಹ ಚಿತ್ರಗಳಲ್ಲಿ ದಟ್ಟಾರಣ್ಯವನ್ನು ಕಡುಗೆಂಪಾಗಿ ತೋರಿಸುವುದು ರೂಢಿ. ಬೋಳಾದ ಗುಡ್ಡ ಬಿಳಿಚಿಕೊಂಡು ಕಾಣುತ್ತದೆ. ಆದರೆ ಕೆಂಪಾಗಿ ಕಂಡದ್ದು ಕಾಡೋ, ಅಡಿಕೆ ತೋಟವೋ, ಸೊಪ್ಪಿನ ಬೆಟ್ಟವೋ ಎಂಬುದನ್ನು ಚಿತ್ರವೊಂದೇ ಖಚಿತವಾಗಿ ಹೇಳಲಾರದು. ಕಾಲ್ನಡಿಗೆಯಲ್ಲಿ ಹೋಗಿ ನೋಡಿ ತಿಳಿದವರೇ ಹೇಳಬೇಕು.

ಇದು ಬರಿಯ ಕುತೂಹಲದ ಮಾತಲ್ಲ. ೨೦೨೧ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ತೋಟ, ಮನೆ, ರಸ್ತೆಗಳು ಹಾಳಾದವು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜರಿದು ಜೀವಗಳು ಹೋದವು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ೨೦೨೩ರಲ್ಲಿ ದೇಶದ ಭೂಕುಸಿತಗಳ ನಕ್ಷಾಸಂಪುಟವನ್ನು ಹೊರತಂದಿದೆ. ಮಳೆಗಾಲದ ಮೋಡವನ್ನು ಭೇದಿಸಿ ನೋಡಬಲ್ಲ ರೇಡಾರ್ ಉಪಗ್ರಹಗಳೂ ನಮ್ಮಲ್ಲಿವೆ. ಆದರೆ ಯಾವ ಇಳಿಜಾರಿನಲ್ಲಿ ಹೊಸ ಬಿರುಕು ಬಿಟ್ಟಿದೆ, ಯಾವ ಒರತೆಯ ನೀರು ಇದ್ದಕ್ಕಿದ್ದಂತೆ ಕೆಸರಾಗಿದೆ ಎಂಬುದನ್ನು ಮೊದಲು ಕಾಣುವವನು ಊರಿನವನೇ. ನಕ್ಷೆಯನ್ನೂ ಬಲ್ಲ, ಬೆಟ್ಟವನ್ನೂ ಬಲ್ಲ ಒಬ್ಬ ತರುಣ, ಒಬ್ಬ ತರುಣಿ ಪ್ರತಿ ಊರಿನಲ್ಲಿದ್ದರೆ ಮುನ್ಸೂಚನೆ ಸಕಾಲದಲ್ಲಿ ಮನೆ ಮುಟ್ಟೀತು. ಬಾಳಿಗೆ ಇದಕ್ಕಿಂತ ದೊಡ್ಡ ಗುರಿ ಬೇಕೆ?

ಈ ಕಾರ್ಯದಲ್ಲಿ ಮನೆಯವರ ಪಾಲೂ ಇದೆ. ೧೯೮೦ರ ಫೆಬ್ರುವರಿ ೧೬ರ ಮಧ್ಯಾಹ್ನ ಸೂರ್ಯನ ಪೂರ್ಣಗ್ರಹಣದ ನೆರಳು ಉತ್ತರ ಕನ್ನಡದ ಕರಾವಳಿಯಿಂದ ಒಳಬಂದು ಘಟ್ಟವನ್ನೇರಿ ರಾಯಚೂರಿನತ್ತ ಸಾಗಿತು. ಅದನ್ನು ಕಾಣಲು ವಿಜ್ಞಾನಿಗಳು ದೂರದೂರದಿಂದ ಬಂದು ಬೀಡುಬಿಟ್ಟರು. ನಮ್ಮವರಲ್ಲಿ ಬಹುಮಂದಿ ಅಂಜಿಕೆಯಿಂದ ಬಾಗಿಲು ಮುಚ್ಚಿ ಒಳಗೆ ಕುಳಿತರು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬ ಎಚ್ಚರ ಸರಿಯೇ. ಸುರಕ್ಷಿತವಾಗಿ ನೋಡುವ ದಾರಿಯನ್ನೇ ಮಕ್ಕಳಿಗೆ ತೋರದಿರುವುದು ಸರಿಯಲ್ಲ. ಒಳ್ಳೆಯ ದಿನ, ಕೆಟ್ಟ ದಿನಗಳೆಂಬ ಭಯವನ್ನು ಕಳೆದ ಶರಣರ ಬಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲೇಜುಗಳು ಪ್ರಮಾಣಪತ್ರ ಹಂಚುವ ಒಂದು ದಿನದ ಉತ್ಸವಕ್ಕೆ ತೃಪ್ತರಾಗದೆ ವರ್ಷವಿಡೀ ನಡೆಯುವ ಚಿಕ್ಕ ಕೆಲಸಗಳನ್ನು ಕೈಗೊಳ್ಳಲಿ. ನೆರಳಿನ ಅಳತೆ, ಮಳೆಯ ದಾಖಲೆ, ಸರಕಾರದ 'ಭುವನ್' ಜಾಲತಾಣದಲ್ಲಿ ತಮ್ಮೂರಿನ ಚಿತ್ರವನ್ನು ತೆರೆದು ಅದರ ತಪ್ಪುಒಪ್ಪುಗಳನ್ನು ಕಂಡುಹಿಡಿಯುವುದು — ಇವುಗಳಿಗೆ ಹೆಚ್ಚಿನ ವೆಚ್ಚವಿಲ್ಲ. ಶಿರಸಿಯ ಅರಣ್ಯ ಮಹಾವಿದ್ಯಾಲಯದಂತಹ ಸಂಸ್ಥೆಗಳ ವಿದ್ವಾಂಸರು ಮಾರ್ಗದರ್ಶನ ಮಾಡಬಹುದು. ಕೊಳೆಮದ್ದು ಹೊಡೆಯಲು ಬಿಸಿಲಿನ ಬಿಡುವನ್ನು ಕಾಯುವ ತಂದೆಗೆ ಉಪಗ್ರಹದ ಮೋಡಚಿತ್ರವನ್ನು ಓದಿ ಹೇಳುವ ಮಗಳ ವಿದ್ಯೆ ಆ ದಿನವೇ ಸಾರ್ಥಕ. ಅವಳು ನಾಳೆ ಬೆಂಗಳೂರಿಗೆ ಹೋದರೂ ಹೋಗಲಿ. ತನ್ನ ಓದು ಯಾರಿಗಾಗಿ ಎಂಬುದು ಅವಳಿಗೆ ಗೊತ್ತಿರುತ್ತದೆ.