ಕೆರೂಬಿ ಎಂದರೆ ಯಾರು?

ಕ್ರಿಸ್ತಜಯಂತಿಯ ಕಾರ್ಡುಗಳಲ್ಲಿ ಕಾಣುವ ದುಂಡು ಮುಖದ, ಪುಟ್ಟ ರೆಕ್ಕೆಯ ಮಗುವನ್ನು ನಾವು ಕೆರೂಬಿ ಎನ್ನುತ್ತೇವೆ. ಆ ರೂಪ ಯೂರೋಪಿನ ಚಿತ್ರಕಾರರದು, ಬೈಬಲಿನದಲ್ಲ. ಪ್ರವಾದಿ ಯೆಜೆಕಿಯೇಲ ಕಂಡ ಕೆರೂಬಿಗೆ ನಾಲ್ಕು ಮುಖ, ನಾಲ್ಕು ರೆಕ್ಕೆ.

ಹಿಬ್ರೂ ಭಾಷೆಯಲ್ಲಿ 'ಕೆರೂಬ್' ಏಕವಚನ, 'ಕೆರೂಬಿಮ್' ಬಹುವಚನ. 'ಹರಸುವವನು' ಎಂಬರ್ಥದ ಅಕ್ಕಾಡಿಯನ್ ಪದ 'ಕಾರಿಬು' ಇದರ ನಂಟಿನದೆಂದು ಹಲವು ವಿದ್ವಾಂಸರು ಹೇಳುತ್ತಾರೆ.

ಬೆಳಕವಾಡಿ ಸೀಮೆಯ ನಮಗೆ ತಲಕಾಡಿನ ವೈದ್ಯೇಶ್ವರ ದೇಗುಲದ ಬೃಹತ್ ದ್ವಾರಪಾಲಕರು ಪರಿಚಿತರು. ಕೆರೂಬಿಗಳದೂ ಮೊದಲು ಕಾವಲಿನ ಕೆಲಸವೇ: ಆದಿಕಾಂಡ 3:24ರಲ್ಲಿ ಅವರು ಜೀವವೃಕ್ಷದ ದಾರಿಯನ್ನು ಕಾಯುತ್ತಾರೆ. ಆದರೆ ವಿಮೋಚನಾಕಾಂಡ 25ರಲ್ಲಿ, ಕೃಪಾಸನದ ಮೇಲೆ ರೆಕ್ಕೆ ಚಾಚಿದ ಎರಡು ಚಿನ್ನದ ಕೆರೂಬಿಗಳ ನಡುವಿನಿಂದಲೇ ದೇವರು ಮೋಶೆಯೊಡನೆ ಮಾತನಾಡುತ್ತಾರೆ. ದಾರಿ ತಡೆದವರ ನಡುವೆಯೇ ಭೇಟಿಯ ಸ್ಥಳ!

ಆ ದೇವರೇ ಗೋದಲಿಯಲ್ಲಿ ಮಗುವಾಗಿ ನಮ್ಮ ಬಳಿಗೆ ಬಂದರು. ಈ ಹಬ್ಬದಲ್ಲಿ ನಾವೂ ಕೇಳಿಕೊಳ್ಳೋಣ: ನಮ್ಮ ಮನೆಯ ಬಾಗಿಲು ಯಾರಿಗಾದರೂ ಮುಚ್ಚಿದೆಯೇ?