ಕವಾಯತು ಮನೆ ಊರಮನೆಯಾದ ಬಗೆ

ನಮ್ಮ ಊರುಗಳ ಗರಡಿಮನೆಗಳನ್ನು ಕಂಡವರಿಗೆ ‘ಡ್ರಿಲ್ ಹಾಲ್’ ಎಂದರೇನು ಎಂದು ವಿವರಿಸುವುದು ಸುಲಭ. ಗರಡಿಯಲ್ಲಿ ಊರಿನ ಹುಡುಗರು ಸಾಮು ಮಾಡುತ್ತಿದ್ದರು. ಕೆನಡಾದ ಡ್ರಿಲ್ ಹಾಲ್‌ನಲ್ಲಿ ಊರಿನ ರೈತರು, ಅಂಗಡಿಯವರು, ಗುಮಾಸ್ತರು ಕೆಲಸ ಮುಗಿಸಿ ಬಂದು ಸಾಲಾಗಿ ನಿಂತು ಕವಾಯತು ಕಲಿಯುತ್ತಿದ್ದರು. ಇವರು ಪೂರ್ಣಾವಧಿ ಸೈನಿಕರಲ್ಲ, ‘ಮಿಲಿಷಿಯ’ ಎಂಬ ಸ್ವಯಂಸೇವಕ ಪಡೆಯವರು. ಬಂದೂಕುಗಳನ್ನೂ ಅಲ್ಲಿಯೇ ಇಡುತ್ತಿದ್ದುದರಿಂದ ಇಂಥ ಕಟ್ಟಡಕ್ಕೆ ‘ಆರ್ಮರಿ’ ಎಂಬ ಹೆಸರೂ ಬಂತು.

ಇವು ಊರೂರಿನಲ್ಲಿ ಹುಟ್ಟಿಕೊಂಡದ್ದಕ್ಕೆ ಕಾರಣವಿದೆ. 1866ರಲ್ಲಿ ಅಮೆರಿಕದಲ್ಲಿದ್ದ ಐರಿಷ್ ಹೋರಾಟಗಾರರಾದ ಫೀನಿಯನ್ನರು ನಯಾಗರ ನದಿ ದಾಟಿ ಬಂದರು. ಜೂನ್ 2ರಂದು ರಿಜ್‌ವೇ ಎಂಬಲ್ಲಿ ನಡೆದ ಕಾಳಗದಲ್ಲಿ ಸ್ಥಳೀಯ ಸ್ವಯಂಸೇವಕರು ಹಿಮ್ಮೆಟ್ಟಬೇಕಾಯಿತು. ಮರುವರ್ಷ ಕೆನಡಾ ಒಕ್ಕೂಟವಾಯಿತು. 1871ರಲ್ಲಿ ಬ್ರಿಟಿಷ್ ಸೇನೆ ಕ್ವಿಬೆಕ್ ನಗರವನ್ನು ಬಿಟ್ಟು ಹೊರಟ ಮೇಲೆ ಒಳನಾಡಿನ ರಕ್ಷಣೆಯ ಹೊಣೆ ಹೆಚ್ಚಾಗಿ ಈ ಸ್ವಯಂಸೇವಕರ ಹೆಗಲಿಗೇ ಬಿತ್ತು. ಚಳಿಗಾಲ ಇಷ್ಟು ದೀರ್ಘವಾಗಿರುವ ನಾಡಿನಲ್ಲಿ ಬಯಲಿನ ಅಭ್ಯಾಸ ಸಾಲದು; ಸೂರು ಬೇಕಿತ್ತು.

ಓಕ್‌ವಿಲ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದ ಅರೋರಾದಲ್ಲಿ ಅಂಥದೊಂದು ಕಟ್ಟಡ ಇಂದಿಗೂ ನಿಂತಿದೆ. ಮೋಸ್ಲಿ ಬೀದಿಯ ಪಕ್ಕದ ಟೌನ್ ಪಾರ್ಕ್‌ನಲ್ಲಿ 12ನೆಯ ಯಾರ್ಕ್ ಬೆಟಾಲಿಯನ್‌ಗಾಗಿ 1874ರಲ್ಲಿ ಅದನ್ನು ಕಟ್ಟಿದರು. ಮುಂದೆ ಅದು ಕ್ವೀನ್ಸ್ ಯಾರ್ಕ್ ರೇಂಜರ್ಸ್ ದಳದ ನೆಲೆಯಾಯಿತು. ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ ದಳ ಅದೇ ಊರಿನ ಹೊಸ ಆರ್ಮರಿಗೆ ಸ್ಥಳಾಂತರವಾಯಿತು. ಹಳೆಯದನ್ನು ಪಟ್ಟಣದ ಆಡಳಿತವೇ ಕೊಂಡುಕೊಂಡು ದುರಸ್ತಿ ಮಾಡಿಸಿತು. 2019ರಲ್ಲಿ ನಯಾಗರ ಕಾಲೇಜು ಅಲ್ಲಿ ಅಡುಗೆ ಮತ್ತು ಆತಿಥ್ಯದ ತರಬೇತಿ ಆರಂಭಿಸಿತು. ಬಂದೂಕಿನ ಮನೆಯಲ್ಲಿ ಒಲೆ ಹತ್ತಿತು.

ಈ ಕಟ್ಟಡಗಳಿಗೆ ಎರಡನೆಯ ಜನ್ಮ ಸಾಧ್ಯವಾಗುವುದಕ್ಕೆ ಕಾರಣ ಅವುಗಳ ರಚನೆಯಲ್ಲೇ ಇದೆ. ನೂರಾರು ಜನ ಒಟ್ಟಿಗೆ ಹೆಜ್ಜೆ ಹಾಕಿ ತಿರುಗಬೇಕಾದರೆ ನಡುವೆ ಕಂಬ ಇರಕೂಡದು. ಆದ್ದರಿಂದ ಗೋಡೆಯಿಂದ ಗೋಡೆಗೆ ಮರದ ಅಥವಾ ಕಬ್ಬಿಣದ ತೊಲೆಗಳನ್ನು ತ್ರಿಕೋನಾಕಾರದಲ್ಲಿ ಜೋಡಿಸಿ ಚಾವಣಿಯ ಭಾರವನ್ನು ಹೊರಗೋಡೆಗಳಿಗೆ ಸಾಗಿಸಿದರು. ಕಂಬವಿಲ್ಲದ ನೆಲ, ಎತ್ತರದ ಸೂರು, ಬೆಳಕಿಗೆ ದೊಡ್ಡ ಕಿಟಕಿ: ಒಂದು ಸಮುದಾಯ ಭವನಕ್ಕೆ ಬೇಕಾದದ್ದೂ ಇಷ್ಟೇ. ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಆರ್ಮರಿಯ ಸುಮಾರು 55,000 ಚದರಡಿಯ ಕವಾಯತು ಅಂಗಳ ಈಗ ಸಂಗೀತ, ನಾಟಕಗಳ ರಂಗಸ್ಥಳ. ಎಡಿನ್‌ಬರೋದ ಲೀತ್‌ನಲ್ಲಿ ಹಳೆಯ ಡ್ರಿಲ್ ಹಾಲ್ ಕಲಾವಿದರ ಕೇಂದ್ರವಾಗಿದೆ.

ಎಲ್ಲ ಕಟ್ಟಡಗಳಿಗೂ ಈ ಭಾಗ್ಯ ಇರಲಿಲ್ಲ. ಟೊರಾಂಟೊದ ಯೂನಿವರ್ಸಿಟಿ ಅವೆನ್ಯೂದಲ್ಲಿ 1890ರ ದಶಕದಲ್ಲಿ ಎದ್ದ ಭವ್ಯ ಆರ್ಮರಿಯಿಂದ ಎರಡು ಮಹಾಯುದ್ಧಗಳಿಗೆ ಸೈನಿಕರು ಹೊರಟಿದ್ದರು. 1963ರಲ್ಲಿ ಅದನ್ನು ಕೆಡವಿದರು. ಆ ಜಾಗದಲ್ಲಿ ಈಗ ನ್ಯಾಯಾಲಯವಿದೆ. ಆಗ ಒಂಟಾರಿಯೊ ಪಾರಂಪರಿಕ ಕಾಯ್ದೆ ಇರಲಿಲ್ಲ. ಅದು ಬಂದದ್ದು 1975ರಲ್ಲಿ. ಬಂದ ಮೇಲೂ ಪುರಸಭೆ ಕೆಡವುವುದನ್ನು ಕೆಲಕಾಲ ತಡೆಹಿಡಿಯಬಹುದಿತ್ತು, ಅಷ್ಟೆ. ‘ಆಗದು’ ಎಂದು ಕಡ್ಡಾಯವಾಗಿ ಹೇಳುವ ಅಧಿಕಾರ ಸಿಕ್ಕಿದ್ದು 2005ರ ತಿದ್ದುಪಡಿಯಿಂದ.

ಇಲ್ಲಿ ಒಂದು ಸೂಕ್ಷ್ಮವಿದೆ. ಪುರಸಭೆಯ ದಾಖಲೆಯಲ್ಲಿ ಎರಡು ಬಗೆಯ ಕಟ್ಟಡಗಳಿರುತ್ತವೆ: ಉಪವಿಧಿಯ ಮೂಲಕ ಪಾರಂಪರಿಕವೆಂದು ಘೋಷಿತವಾದವು, ಮತ್ತು ಪಟ್ಟಿಯಲ್ಲಿ ಹೆಸರು ಮಾತ್ರ ಇರುವವು. ಗಟ್ಟಿಯಾದ ರಕ್ಷಣೆ ಮೊದಲನೆಯವಕ್ಕೆ ಮಾತ್ರ. 2022ರ ತಿದ್ದುಪಡಿ ಹಾಗೂ 2024ರ ಗಡುವು ವಿಸ್ತರಣೆಯ ಪ್ರಕಾರ, 2023ರ ಆರಂಭಕ್ಕೆ ಪಟ್ಟಿಯಲ್ಲಿದ್ದ ಕಟ್ಟಡಗಳ ಬಗ್ಗೆ 2027ರ ಜನವರಿ 1ರೊಳಗೆ ಘೋಷಣೆಯ ಕ್ರಮ ಆರಂಭವಾಗಬೇಕು. ಇಲ್ಲವಾದರೆ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ, ಮತ್ತೆ ಐದು ವರ್ಷ ಸೇರಿಸುವಂತಿಲ್ಲ. ಓಕ್‌ವಿಲ್‌ಗೂ ಈ ನಿಯಮ ಅನ್ವಯಿಸುತ್ತದೆ.

ನಮ್ಮ ಊರಿನಲ್ಲಿ ಎರಡೂ ದಾರಿಗಳ ಉದಾಹರಣೆ ಇವೆ. ಬ್ರಾಂಟೆಯ ಹಳೆಯ ಕ್ವೀನ್ ಎಲಿಜಬೆತ್ ಪಾರ್ಕ್ ಪ್ರೌಢಶಾಲೆ 2012ರಲ್ಲಿ ಸಮುದಾಯ ಮತ್ತು ಸಾಂಸ್ಕೃತಿಕ ಕೇಂದ್ರವಾಗಿ ತೆರೆಯಿತು. ರೆನಾಲ್ಡ್ಸ್ ಬೀದಿಯಲ್ಲಿ 1950ರಿಂದ ಇದ್ದ ಆಸ್ಪತ್ರೆ 2015ರ ಡಿಸೆಂಬರಿನಲ್ಲಿ ಹೊಸ ಜಾಗಕ್ಕೆ ಹೋಯಿತು. ಹಳೆಯದನ್ನು ಕೆಡವಿ ಆ ನಿವೇಶನದಲ್ಲಿ ಹೊಸ ಸಮುದಾಯ ಕೇಂದ್ರ ಕಟ್ಟಿದರು. ವೈದ್ಯನಾಗಿ ನಾನು ಇದನ್ನು ದೂರುವುದಿಲ್ಲ. ಎಲ್ಲ ಹಳೆಯ ಕಟ್ಟಡವನ್ನೂ ಉಳಿಸಬೇಕೆಂಬುದು ವಿವೇಕವಲ್ಲ. ಆದರೆ ಪರೀಕ್ಷೆ ಮಾಡದೆ ‘ಇನ್ನು ಉಳಿಯದು’ ಎನ್ನುವುದೂ ಸರಿಯಲ್ಲ.

ಆ ಪರೀಕ್ಷೆ ಹೇಗಿರಬೇಕು? ಮೊದಲು ಅಸ್ಥಿಪಂಜರ: ತಳಪಾಯ ಮತ್ತು ಚಾವಣಿಯ ತೊಲೆಗಳು ಗಟ್ಟಿಯಾಗಿವೆಯೇ? ನಂತರ ಉಸಿರು: ಗೋಡೆಯಲ್ಲಿ ತೇವ, ಬೂಷ್ಟು ಇದೆಯೇ, ನಿರೋಧಕ ಪದರಗಳಲ್ಲಿ ಆಸ್ಬೆಸ್ಟಾಸ್ ಇದೆಯೇ? ಆಸ್ಬೆಸ್ಟಾಸನ್ನು ಮುಟ್ಟದೆ ಬಿಟ್ಟರೆ ಅಪಾಯ ಕಡಿಮೆ. ಒಡೆದಾಗ ಏಳುವ ನಾರಿನ ಧೂಳು ಶ್ವಾಸಕೋಶ ಸೇರಿ ದಶಕಗಳ ನಂತರ ಕ್ಯಾನ್ಸರ್ ತರಬಲ್ಲದು. ಆದ್ದರಿಂದ ದುರಸ್ತಿ ಪರಿಣತರ ಕೈಯಲ್ಲೇ ಆಗಬೇಕು. ಆಮೇಲೆ ನಡಿಗೆ: ಮಂಡಿನೋವಿನ ಅಜ್ಜಿ, ಗಾಲಿಕುರ್ಚಿಯ ಮಗು ಬಾಗಿಲು ದಾಟಬಲ್ಲರೇ? ಒಂಟಾರಿಯೊದಲ್ಲಿ 2005ರಿಂದ ಇದಕ್ಕೆ ಪ್ರತ್ಯೇಕ ಕಾಯ್ದೆಯಿದೆ. ಕೊನೆಗೆ ಕಿವಿ: ಬರಿಯ ಗೋಡೆ, ಎತ್ತರದ ಸೂರಿನಲ್ಲಿ ದನಿ ಮಾರ್ದನಿಗೊಳ್ಳುತ್ತದೆ. ಸೈನ್ಯಾಧಿಕಾರಿಯ ಆಜ್ಞೆಗೆ ಅದು ಸಾಕಿತ್ತು; ಯಕ್ಷಗಾನದ ಚೆಂಡೆಯ ಜೊತೆ ಭಾಗವತರ ಪದ ಸ್ಪಷ್ಟವಾಗಿ ಕೇಳಬೇಕಾದರೆ ದನಿ ಹೀರುವ ಹಲಗೆ, ಪರದೆಗಳು ಬೇಕು.

ಪ್ರತಿ ಯುಗಾದಿಗೂ ರಾಜ್ಯೋತ್ಸವಕ್ಕೂ ಬಾಡಿಗೆ ಸಭಾಂಗಣ ಹುಡುಕುವ ನಮಗೆ ಇದು ದೂರದ ವಿಷಯವಲ್ಲ. ಹಳೆಯ ಕಟ್ಟಡವೊಂದರ ಭವಿಷ್ಯದ ಬಗ್ಗೆ ಪುರಸಭೆ ಅಭಿಪ್ರಾಯ ಕೇಳಿದಾಗ ವಲಸೆ ಬಂದವರು ಸಾಮಾನ್ಯವಾಗಿ ಸುಮ್ಮನಿರುತ್ತೇವೆ. ಅದು ‘ಅವರ’ ಇತಿಹಾಸ ಎಂದುಕೊಳ್ಳುತ್ತೇವೆ. ಅರೋರಾದ ಕಟ್ಟಡ ಉಳಿದದ್ದು ಮುಂದಿನ ತಲೆಮಾರಿಗೆ ಅದರಿಂದ ಉಪಯೋಗವಿದೆ ಎಂದು ಊರು ನಿರ್ಧರಿಸಿದ್ದರಿಂದ. ಉಪಯೋಗಿಸುವವರಲ್ಲಿ ನಾವೂ ಇದ್ದೇವೆ. ಇಂಥ ಜಾಗದಲ್ಲಿ ನಮ್ಮ ಮಕ್ಕಳ ಕನ್ನಡ ತರಗತಿ, ಹಿರಿಯರ ಯೋಗ ನಡೆಯಬಹುದೆಂದು ಪುರಸಭೆಗೆ ಒಂದು ಪತ್ರ ಬರೆಯಲು ಅರ್ಧ ಗಂಟೆ ಸಾಕು.