ತೈಲನೌಕೆ ಎಲ್ಲಿದೆ, ಎಷ್ಟು ತುಂಬಿದೆ?

ಕಡಲಿನಿಂದ ದೂರವಿರುವ ಸಂಡೂರು ತಾಲ್ಲೂಕಿನ ವಡ್ಡುವಿನಲ್ಲಿ ಕುಳಿತ ವಿದ್ಯಾರ್ಥಿಯೂ ಇಂದು ಮಂಗಳೂರಿನತ್ತ ಬರುತ್ತಿರುವ ತೈಲನೌಕೆಯ ಹೆಸರು, ಉದ್ದ, ವೇಗಗಳನ್ನು ಗಣಕದ ಪರದೆಯಲ್ಲಿ ನೋಡಬಹುದು. ಆ ಅಂಕಿಗಳಲ್ಲಿ ಉಪಕರಣ ಅಳೆದದ್ದು ಯಾವುದು, ಮನುಷ್ಯ ಬೆರಳಚ್ಚು ಮಾಡಿದ್ದು ಯಾವುದು ಎಂಬುದನ್ನು ಮಾತ್ರ ಪರದೆ ಹೇಳುವುದಿಲ್ಲ.

ಅಂತರರಾಷ್ಟ್ರೀಯ ಯಾನದ ದೊಡ್ಡ ಹಡಗುಗಳಲ್ಲೆಲ್ಲ 'ಸ್ವಯಂಚಾಲಿತ ಗುರುತು ವ್ಯವಸ್ಥೆ' ಕಡ್ಡಾಯ. ಹಡಗು ಚಲಿಸುವಾಗ ಇದರ ಪ್ರೇಷಕವು 2ರಿಂದ 10 ಸೆಕೆಂಡಿಗೊಮ್ಮೆ 161.975 ಮತ್ತು 162.025 ಮೆಗಾಹರ್ಟ್ಸ್ ಆವೃತ್ತಿಗಳಲ್ಲಿ ತನ್ನ ಸ್ಥಾನವನ್ನು ಬಿತ್ತರಿಸುತ್ತದೆ. ಈ ತರಂಗಗಳು ಬಹುಮಟ್ಟಿಗೆ ದೃಷ್ಟಿರೇಖೆಯಲ್ಲೇ ಸಾಗುತ್ತವೆ. ಎರಡು ಆಂಟೆನಾಗಳ ಎತ್ತರಗಳ (ಮೀಟರುಗಳಲ್ಲಿ) ವರ್ಗಮೂಲಗಳನ್ನು ಕೂಡಿಸಿ 4.12ರಿಂದ ಗುಣಿಸಿದರೆ ವ್ಯಾಪ್ತಿಯು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ದಡದಲ್ಲಿ 100, ಹಡಗಿನಲ್ಲಿ 49 ಮೀಟರ್ ಎತ್ತರವಿದ್ದರೆ ಸುಮಾರು 70 ಕಿ.ಮೀ. ಅದರಾಚೆಗೆ ಉಪಗ್ರಹವೇ ಗತಿ. 2011ರಲ್ಲಿ ಇಸ್ರೋ ಹಾರಿಸಿದ ರಿಸೋರ್ಸ್‌ಸ್ಯಾಟ್-2 ಇಂತಹ ಗ್ರಾಹಕವನ್ನು ಹೊತ್ತೊಯ್ದಿತು.

ಹೆಸರಿಗಿಂತ ಹಡಗಿನ ಏಳಂಕಿಯ ಐಎಂಒ ಸಂಖ್ಯೆಯೇ ಹೆಚ್ಚು ನಂಬಲರ್ಹ. 458 ಮೀಟರ್ ಉದ್ದವಿದ್ದ ಸೀವೈಸ್ ಜೈಂಟ್ ಮುಂದೆ ಹ್ಯಾಪಿ ಜೈಂಟ್, ಯಾರೆ ವೈಕಿಂಗ್, ನಾಕ್ ನೆವಿಸ್ ಎಂದೆಲ್ಲ ಹೆಸರು ಬದಲಿಸಿ, ಕೊನೆಗೆ ಮಾಂಟ್ ಎಂಬ ಹೆಸರಿನಲ್ಲಿ ಗುಜರಾತಿನ ಅಲಂಗ್‌ಗೆ ಬಂದು ಗುಜರಿಯಾಯಿತು. ಸಂಖ್ಯೆ ಮಾತ್ರ 7381154 ಆಗಿಯೇ ಉಳಿಯಿತು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ: 124. ಇದರ ಕೊನೆಯ ಅಂಕಿ 4. ಸಂಖ್ಯೆಯ ಏಳನೆಯ ಅಂಕಿಯೂ ಅದೇ. ಬರೆಯುವಾಗ ಒಂದು ಅಂಕಿ ತಪ್ಪಿದರೆ ಸಾಮಾನ್ಯವಾಗಿ ಇಲ್ಲಿ ಸಿಕ್ಕಿಬೀಳುತ್ತದೆ.

ಆದರೆ ಹಡಗು ನೀರಿನಲ್ಲಿ ಎಷ್ಟು ಆಳ ಮುಳುಗಿದೆ ಎಂಬ ಅಂಕಿಯನ್ನು ಸಿಬ್ಬಂದಿ ಕೈಯಾರೆ ತುಂಬುತ್ತಾರೆ. ಬದಲಿಸಲು ಮರೆತರೆ, ಖಾಲಿ ಹಡಗೂ ತುಂಬಿದ್ದಂತೆ ತೋರುತ್ತದೆ! ಇಲ್ಲಿ ಆರ್ಕಿಮಿಡೀಸ್ ತತ್ತ್ವ ನೆರವಿಗೆ ಬರುತ್ತದೆ. 330 ಮೀಟರ್ ಉದ್ದ, 60 ಮೀಟರ್ ಅಗಲದ ನೌಕೆಯು ನೀರಿನ ಮಟ್ಟದಲ್ಲಿ ಆಯತದ ಸುಮಾರು ಶೇಕಡ 90 ಭಾಗವನ್ನು ಆವರಿಸುತ್ತದೆ ಎನ್ನೋಣ. ಅದು 1 ಸೆಂ.ಮೀ. ಹೆಚ್ಚು ಮುಳುಗಲು ಸುಮಾರು 180 ಟನ್ ಭಾರ ಬೇಕು. ತುಂಬಿದಾಗ 20 ಮೀಟರ್, ಇಳಿಸಿದ ಮೇಲೆ 10 ಮೀಟರ್ ಮುಳುಗಿದ್ದರೆ ಭಾರದ ವ್ಯತ್ಯಾಸ ಸುಮಾರು 1,80,000 ಟನ್. ಇಷ್ಟು ಆಳ ಮುಳುಗುವ ನೌಕೆ ನವಮಂಗಳೂರು ಬಂದರಿನ ಒಳಗೆ ಬರಲಾರದು. ಅದಕ್ಕೆಂದೇ ಹೊರಗೆ ಕಡಲಿನಲ್ಲಿ ತೇಲುವ ಬೋಯಾ ಇದೆ. ತೈಲವು ಅಲ್ಲಿಂದ ಕೊಳವೆಯಲ್ಲಿ ದಡ ಸೇರುತ್ತದೆ.

ಈ 1,80,000 ಟನ್ನೇ ಇಳಿಸಿದ ತೈಲವೆಂದು ಬರೆಯುವ ವಿದ್ಯಾರ್ಥಿಗೆ ನಾನು ಪೂರ್ಣ ಅಂಕ ಕೊಡಲಾರೆ. ತೈಲ ಇಳಿದಂತೆ ಹಡಗು ತನ್ನ ಸ್ಥಿರತೆಗಾಗಿ ಪ್ರತ್ಯೇಕ ತೊಟ್ಟಿಗಳಲ್ಲಿ ಸಮುದ್ರದ ನೀರನ್ನು ತುಂಬಿಕೊಳ್ಳುತ್ತದೆ. ಆ ನೀರು 90,000 ಟನ್ ಇದ್ದರೆ, ಇಳಿದ ತೈಲ 2,70,000 ಟನ್.